ಅಡ್ಡಿಲ್ಲ ಎಂದು ಕೊಟ್ಟ ಲೆನ್ಸು

ಮಲ್ಲಣ್ಣ, ಆ ಲೆನ್ಸು ಸರಿ ಇರಲಿಲ್ಲ. ನಿಮ್ಮ ಕೈಗೆ ಕೊಡುವಾಗಲೇ ನನಗೆ ಅದು ಗೊತ್ತಿತ್ತು.

ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು ನೋಡಿ. ಶಿರಸಿಯ ನನ್ನ ಅಂಗಡಿಯಲ್ಲಿ ದಿನಕ್ಕೆ ನೂರು ಮಾತು ಆಡುತ್ತೇನೆ — ಗಲ್ಲ ಎತ್ತಿ, ಭುಜ ಇಳಿಸಿ, ಕಿವಿ ಕಾಣಲಿ — ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರಿಗೆಲ್ಲ ನೆಟ್ಟಗೆ ಕೂರಲು ಹೇಳುವ ಮನುಷ್ಯ ನಾನು. ನಾನೇ ನೆಟ್ಟಗೆ ಇರಲಿಲ್ಲ. ಎದುರಿಗೆ ಬಂದು ಹೇಳೋಣವೆಂದರೆ ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿಲ್ಲ, ಮತ್ತೆ ಅದೇ ಹಾಳು ಶಬ್ದ ಹೊರಬಿದ್ದೀತು. ಅದಕ್ಕೇ ಮೊದಲು ಬರೆಯುತ್ತಿದ್ದೇನೆ.

ನೀವು ಮೊದಲ ಸಲ ಆ ಕ್ಯಾಮೆರಾ ಹಿಡಿದು ಬಂದ ದಿನ ನೆನಪಿದೆ. ಬನವಾಸಿಯಿಂದ ಶುಂಠಿಯ ಕೆಲಸಕ್ಕೆಂದು ಬಂದವರು, ಕೈಚೀಲದಿಂದ ಟವೆಲ್ ಸುತ್ತಿದ ಗಂಟೊಂದನ್ನು ತೆಗೆದು ಕೌಂಟರಿನ ಮೇಲಿಟ್ಟಿರಿ. ಒಳಗೆ ಜಪಾನಿನ ಹಳೆಯ ರೇಂಜ್‌ಫೈಂಡರ್. ಮುಂಬೈಯಲ್ಲಿದ್ದ ಸೋದರಮಾವ ಬಿಟ್ಟುಹೋದದ್ದು ಎಂದಿರಿ. ನನಗೆ ಆ ಕ್ಷಣವೇ ಹೊಟ್ಟೆಯುರಿ ಶುರುವಾಯಿತು. ಇರಲಿ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಹತ್ತಿರ ಅದೇ ಜಾತಿಯ ಕ್ಯಾಮೆರಾ ಇತ್ತು, ಆದರೆ ನಿಮ್ಮದರಷ್ಟು ಚೊಕ್ಕವಾಗಿರಲಿಲ್ಲ.

ಆ ಕ್ಯಾಮೆರಾದ ಗುಣ ನಿಮಗೆ ಕಲಿಸಿದವನು ನಾನೇ. ಬೇರೆ ಕ್ಯಾಮೆರಾಗಳಲ್ಲಿ ಲೆನ್ಸು ಕಂಡದ್ದೇ ನಮ್ಮ ಕಣ್ಣಿಗೂ ಕಾಣುತ್ತದೆ. ಇದರಲ್ಲಿ ಹಾಗಲ್ಲ — ನಾವು ನೋಡುವ ಕಿಂಡಿ ಬೇರೆ, ಫಿಲ್ಮಿಗೆ ಬೆಳಕು ಬೀಳುವ ಲೆನ್ಸು ಬೇರೆ. ಕಿಂಡಿಯ ನಡುವೆ ಒಂದೇ ವಸ್ತುವಿನ ಎರಡು ಬಿಂಬ ಕಾಣುತ್ತವೆ, ಲೆನ್ಸು ತಿರುಗಿಸುತ್ತ ಹೋದರೆ ಎರಡೂ ಒಂದಾಗುತ್ತವೆ. ಒಂದಾದವೋ, ಫೋಕಸ್ ಕೂತಿತು ಎಂದು ನಂಬಬೇಕು. ಬರೀ ನಂಬಿಕೆ. ಲೆನ್ಸೇ ಸುಳ್ಳು ಹೇಳಿದರೆ ಕಿಂಡಿಗೆ ಅದರ ಸುಳಿವೂ ಸಿಗುವುದಿಲ್ಲ. ಫಿಲ್ಮು ತೊಳೆದು ಬಂದ ಮೇಲೆಯೇ ತಿಳಿಯುವುದು.

ನಿಮಗೆ ಬೇಕಾಗಿದ್ದದ್ದು ದೂರದ್ದನ್ನು ಹತ್ತಿರ ತೋರಿಸುವ ಒಂದು ಟೆಲಿ ಲೆನ್ಸು. ಕೈಗೆಟುಕುವಂಥದು. ಯಾಕೆ ಬೇಕೆಂದು ನೀವು ಹೇಳಿದ ರೀತಿ ಈಗಲೂ ಕಿವಿಯಲ್ಲಿದೆ.

"ನಮ್ಮಪ್ಪ ಕ್ಯಾಮೆರಾ ಕಂಡ್ರ ಸಾಕು, ಕಂಬ ಆಗಿಬಿಡ್ತಾನ್ರಿ. ಪೈಲ್ವಾನನ ಹಗ್ಗ ಬಿಡೋ ಹೊತ್ತಿನಾಗ ಮಾತ್ರ ಅವಂಗ ಲೋಕದ ಖಬರ ಇರಂಗಿಲ್ಲ. ಆ ಮಾರಿ ಬೇಕು ನನಗ. ದೂರದಿಂದ."

ಪೈಲ್ವಾನ ನಿಮ್ಮ ಮನೆಯ ಹೋರಿ. ಹೋರಿ ಬೆದರಿಸುವ ಹಬ್ಬದಲ್ಲಿ ಕೊರಳಿಗೆ ಕೊಬ್ಬರಿಯ ಸರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡು, ಹಿಡಿಯಲು ನಿಂತ ಹುಡುಗರ ನಡುವೆ ಹಾದುಹೋಗುತ್ತಿದ್ದ ಅದನ್ನು ನಾನೂ ನೋಡಿದ್ದೇನೆ. ವಯಸ್ಸಾಗಿತ್ತು. ಆ ವರ್ಷದ್ದೇ ಕೊನೆಯ ಓಟ, ಮುಂದಿನ ವರ್ಷ ಅಖಾಡಕ್ಕೆ ಬಿಡುವುದಿಲ್ಲ ಎಂದು ನಿಮ್ಮಪ್ಪ ತೀರ್ಮಾನ ಮಾಡಿಯಾಗಿತ್ತು. ಮೊಬೈಲಿನಲ್ಲಿ ಹುಡುಗರು ವಿಡಿಯೋ ಮಾಡಿಯೇ ಮಾಡುತ್ತಾರೆ, ಆದರೆ ಅವರೆಲ್ಲ ಓಡುವ ಹೋರಿಯ ಬೆನ್ನು ಹತ್ತುತ್ತಾರೆ. ಹಗ್ಗ ಬಿಟ್ಟವನ ಮುಖ ಯಾರಿಗೂ ಬೇಕಿಲ್ಲ. ನಿಮಗೆ ಮಾತ್ರ ಬೇಕಿತ್ತು.

ಹುಬ್ಬಳ್ಳಿಯ ಹಳೆಯ ಸ್ಟುಡಿಯೋ ಒಂದರಲ್ಲಿ ತೊಂಬತ್ತು ಎಂ.ಎಂ. ಲೆನ್ಸೊಂದನ್ನು ನೀವೇ ಹುಡುಕಿದ್ದಿರಿ. ಜಪಾನಿನದು, ಗಾಜು ಶುದ್ಧ, ಬೆಲೆಯೂ ನಿಮ್ಮ ಅಳತೆಯೊಳಗೆ. ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿ ತಗೋಬಹುದಾ ಎಂದು ಕೇಳಿದಿರಿ. ತಗೊಳ್ಳಿ, ಇವತ್ತೇ ತಗೊಳ್ಳಿ — ಬಾಯಲ್ಲಿ ಬರಬೇಕಾಗಿದ್ದ ಮಾತು ಅದು. ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ತೊಂಬತ್ತೇ ಹದ. ಅದಕ್ಕಿಂತ ಉದ್ದದ ಲೆನ್ಸು ಹಾಕಿದರೆ ಕಿಂಡಿಯಲ್ಲಿ ಚೌಕಟ್ಟು ಬೆಂಕಿಪೊಟ್ಟಣದಷ್ಟಾಗುತ್ತದೆ, ಫೋಕಸ್ ಹಿಡಿಯುವುದೂ ಕಷ್ಟ. ಈ ಹುಚ್ಚು ಹಿಡಿದವರಿಗೆಲ್ಲ ಇದು ಗೊತ್ತು. ನನಗೂ ಗೊತ್ತಿತ್ತು.

ನಾನು ಹೇಳಿದ್ದು, "ತೊಂಬತ್ತು ಸಾಲದು ಮಲ್ಲಣ್ಣ. ಹೋರಿ ಹತ್ತಿರ ಹೋಗಲಿಕ್ಕೆ ಆಗ್ತದಾ? ನೂರಾ ಮೂವತ್ತೈದೇ ಬೇಕು. ನನ್ನ ಹತ್ತಿರ ಒಂದು ಇದೆ, ಅದನ್ನೇ ಕೊಡ್ತೇನೆ."

ಆ ನೂರಾ ಮೂವತ್ತೈದರ ಕಥೆ ಕೇಳಿ. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ, ಚಪ್ಪಲಿ, ಬೆಲ್ಟು, ಉಪ್ಪಿನಕಾಯಿ ಸಾಲದೆಂದು ಗಾಜಿಗೂ ಬೂಸ್ಟು ಹಿಡಿಯುತ್ತದೆ. ಲೆನ್ಸಿನ ಒಳಗೆ ಬಿಳಿ ಎಳೆ ಕಂಡದ್ದೇ ನನಗೆ ಸಿಟ್ಟು ನೆತ್ತಿಗೇರಿತು. ಸರಿಯಾದ ಕಡೆ ಕಳಿಸಿ ಮಾಡಿಸುವ ತಾಳ್ಮೆ ಇಲ್ಲ, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ನಾನೇ ಬಿಚ್ಚಿದೆ. ಒರೆಸಿದೆ. ತಿರುಗಿ ಜೋಡಿಸಿದೆ. ಜೋಡಿಸಿ ಮುಗಿಸಿ ಬೆನ್ನು ನೆಟ್ಟಗೆ ಮಾಡಿ ನೋಡಿದರೆ, ಹಾಸಿದ್ದ ಪೇಪರಿನ ಮೇಲೆ ಹಿತ್ತಾಳೆಯದೊಂದು ತೆಳ್ಳನೆಯ ಬಳೆ ಉಳಿದಿತ್ತು.

ಎಲ್ಲಿಯದು ಅದು? ಗೊತ್ತಾಗಲಿಲ್ಲ. ಮತ್ತೆ ಬಿಚ್ಚಲು ಹೋದರೆ ಸ್ಕ್ರೂವಿನ ತಲೆ ಸವೆದು ಸ್ಕ್ರೂಡ್ರೈವರ್ ನಿಲ್ಲದಾಯಿತು. ಸಾಯಲಿ ಎಂದು ಬಿಟ್ಟೆ. ಕಾಗದದಷ್ಟು ತೆಳ್ಳಗಿನ ಬಳೆಯಿಂದ ಏನಾದೀತು ಎಂದುಕೊಂಡೆ — ಎಂದುಕೊಳ್ಳಲು ಬಯಸಿದೆ. ಒಂದು ರೋಲು ತೆಗೆದು ನೋಡಿದೆ. ಯಲ್ಲಾಪುರ ರಸ್ತೆಯ ದೂರದ ಗುಡ್ಡ, ನಡುಮಧ್ಯಾಹ್ನದ ಬಿಸಿಲಲ್ಲಿ ತೆಗೆದದ್ದು, ಪರವಾಗಿಲ್ಲ ಎನ್ನುವಂತಿತ್ತು. ಹಿತ್ತಲಲ್ಲಿ ನಿಲ್ಲಿಸಿ ತೆಗೆದ ಹೆಂಡತಿಯ ಫೋಟೋದಲ್ಲಿ ಅವಳ ಮುಖ ಮಸುಕು, ಅವಳ ಹಿಂದೆ ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳ ಕ್ಲಿಪ್ಪು ಮಾತ್ರ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಅವಳು ನೋಡಿ, "ನಿಂಗ ಎನ್ನ ಫೋಟೋ ತೆಗದ್ರಾ, ಕ್ಲಿಪ್ಪಿಂದಾ?" ಎಂದಳು. ನಾನು ನಗಲಿಲ್ಲ. ಆ ಬಳೆ ಇಲ್ಲದೆ ಲೆನ್ಸಿನ ಗಾಜು ಒಂದು ಕೂದಲಷ್ಟು ಹಿಂದೆ ಸರಿದಿತ್ತು. ನಾವು ಯಾರನ್ನು ಹಿಡಿದರೂ ಅದು ಅವರ ಬೆನ್ನ ಹಿಂದಿನದನ್ನು ಹಿಡಿಯುತ್ತಿತ್ತು.

ಇದೆಲ್ಲ ಗೊತ್ತಿದ್ದೂ ಆ ಲೆನ್ಸನ್ನು ಒರೆಸಿ, ಮುಚ್ಚಳ ಹಾಕಿ, ನಿಮ್ಮ ಮುಂದೆ ಇಟ್ಟೆ. ನೀವು ಕೈಯಲ್ಲಿ ತೂಗಿ ನೋಡಿದಿರಿ. ಕೇಳಬೇಕಾದ್ದನ್ನೇ ಕೇಳಿದಿರಿ.

"ಹೆಂಗೈತ್ರಿ ಹೆಗಡೇರ ಇದು?"

"ಅಡ್ಡಿಲ್ಲ," ಎಂದೆ.

ಈ ಶಬ್ದವನ್ನು ನಿಮಗೆ ಬಿಡಿಸಿ ಹೇಳಲೇಬೇಕು. ನಮ್ಮ ಮನೆಗಳಲ್ಲಿ 'ಅಡ್ಡಿಲ್ಲೆ' ಎಂಬುದು ಉತ್ತರವಲ್ಲ, ಉತ್ತರದಿಂದ ತಪ್ಪಿಸಿಕೊಳ್ಳುವ ಹಿಂಬಾಗಿಲು. ಸಾರು ಹ್ಯಾಂಗಿದ್ದು? ಅಡ್ಡಿಲ್ಲೆ. ಎಂದರೆ ಉಪ್ಪು ಕಡಿಮೆ. ಹುಡುಗ ಹ್ಯಾಂಗಿದ್ದ? ಅಡ್ಡಿಲ್ಲೆ. ಆ ಸಂಬಂಧ ಮುಂದುವರಿಯಲೂಬಹುದು, ಅಲ್ಲಿಗೇ ಮುಗಿಯಲೂಬಹುದು, ಹೇಳಿದವನ ತಲೆಯ ಮೇಲೆ ಏನೂ ಬರುವುದಿಲ್ಲ. ಎಳೆದು ಹೇಳಿದರೆ ಒಂದು, ಮೊಟಕಾಗಿ ಹೇಳಿದರೆ ಇನ್ನೊಂದು. ನಮ್ಮವರೇ ಆಗಿದ್ದರೆ ನನ್ನ ಮೊಟಕು ಅಡ್ಡಿಲ್ಲ ಕೇಳಿ ಲೆನ್ಸನ್ನು ಅಲ್ಲೇ ಇಟ್ಟು ಎದ್ದು ಹೋಗುತ್ತಿದ್ದರು. ನೀವು ಬನವಾಸಿಯವರು. ನಿಮ್ಮಲ್ಲಿ ಚಲೋ ಎಂದರೆ ಚಲೋ, ಇಲ್ಲ ಎಂದರೆ ಇಲ್ಲ. ಅಡ್ಡಿಯಿಲ್ಲ ಎಂದರೆ ಯಾವ ಅಡ್ಡಿಯೂ ಇಲ್ಲ ಎಂದೇ ನಿಮ್ಮ ಲೆಕ್ಕ. ನೀವು ಹಾಗೇ ತಿಳಿಯುತ್ತೀರಿ ಎಂಬುದೂ ನನಗೆ ಗೊತ್ತಿತ್ತು — ಅದಕ್ಕೇ ಆ ಶಬ್ದ ಆರಿಸಿಕೊಂಡೆ. ಸುಳ್ಳು ಹೇಳಲಿಲ್ಲವಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಥೂ.

ಇನ್ನೂ ಇದೆ. ಹದಿನೈದು ದಿನ ಕಳೆಯುವುದರೊಳಗೆ ನಾನು ಹುಬ್ಬಳ್ಳಿಗೆ ಹೋದೆ. ನೀವು ಹುಡುಕಿದ್ದ ತೊಂಬತ್ತನ್ನು ನಾನು ಕೊಂಡೆ. ಹೌದು, ಅದನ್ನೇ. ಬರುವಾಗ ಕಿರವತ್ತಿಯ ಧಾಬಾದಲ್ಲಿ ಬಸ್ಸು ನಿಂತಾಗ, ತಟ್ಟೆ ಪಕ್ಕಕ್ಕೆ ಸರಿಸಿ ಲೆನ್ಸು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದೆ. ಎಷ್ಟು ಚಂದದ ಗಾಜು! ಖುಷಿಪಟ್ಟೆ ಮಲ್ಲಣ್ಣ, ನಾಚಿಕೆಯಿಲ್ಲದೆ ಖುಷಿಪಟ್ಟೆ. ಅಷ್ಟರಲ್ಲಿ ಪಕ್ಕದ ಮೇಜಿನಿಂದ ಯಾರೋ ನಿಮ್ಮ ಸೀಮೆಯ ದನಿಯಲ್ಲಿ "ಬರ್ರಿ, ಕೂಡ್ರಿ" ಎಂದರು. ಗಬಕ್ಕನೆ ಚೀಲಕ್ಕೆ ತುರುಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನ್ನನ್ನು ಯಾರೂ ಕಳ್ಳ ಎಂದೂ ಇರಲಿಲ್ಲ.

ಹಬ್ಬ ಆಯಿತು. ನೀವು ಫೋಟೋ ಪ್ರಿಂಟ್ ಹಾಕಿಸಿಕೊಂಡು ಅಂಗಡಿಗೆ ಬಂದಿರಿ. ಕೌಂಟರಿನ ಮೇಲೆ ಒಂದೊಂದಾಗಿ ಹರಡಿದಿರಿ. ನಿಮ್ಮಪ್ಪ ಹಗ್ಗ ಬಿಡುತ್ತಿದ್ದಾರೆ, ಬಾಯಿ ತೆರೆದಿದೆ, ಕೂಗುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದು — ಮುಖವೆಲ್ಲ ಹಬೆ. ಪೈಲ್ವಾನ ಒಂದು ಕಂದು ಮುದ್ದೆ. ಅವರ ಹಿಂದೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತ ಯಾವನೋ ಒಬ್ಬನ ಅಂಗಿಯ ಗುಂಡಿ ಎಣಿಸಬಹುದಿತ್ತು. ಕ್ಷಣ ಹಿಡಿಯುವುದರಲ್ಲಿ ನೀವು ತಪ್ಪಿರಲಿಲ್ಲ. ಹಗ್ಗ ಬೆರಳಿನಿಂದ ಜಾರುವ ಅದೇ ಹೊತ್ತು. ಅಂಥ ಹೊತ್ತು ನನಗೆ ಜನ್ಮದಲ್ಲಿ ಸಿಕ್ಕಿಲ್ಲ.

"ಕೈ ನಡುಗೇತ್ರಿ ನಂದು," ಎಂದಿರಿ. "ಇಂಥಾ ಹೊತ್ತಿನಾಗ ನಡುಗಬೇಕಾ ಇದು?"

ಆಗ ಹೇಳಬಹುದಿತ್ತು. ಮೊದಲನೆಯ ತಪ್ಪನ್ನು ಅಲ್ಲಿಗೇ ನಿಲ್ಲಿಸಬಹುದಿತ್ತು. ಕೈಯ ತಪ್ಪಲ್ಲ ಎಂದು ನೋಡಿದ ತಕ್ಷಣ ನನಗೆ ತಿಳಿದಿತ್ತು, ಫೋಟೋದಲ್ಲೇ ಸಾಕ್ಷಿ ಇತ್ತು. ನಾನು ಫೋಟೋಗಳನ್ನು ಜೋಡಿಸಿ ಕವರಿಗೆ ಹಾಕುತ್ತ, "ಆಗ್ತದೆ ಮಲ್ಲಣ್ಣ, ಹೋರಿ ಮುಂದೆ ಯಾರ ಕೈಯೂ ನಿಲ್ಲೂದಿಲ್ಲ," ಎಂದೆ. ಸಮಾಧಾನ ಮಾಡಿದೆ! ನೀವು ಚಹಾ ಕುಡಿಸಿ ಹೋದಿರಿ.

ಆಮೇಲೆ ನೀವು ಪಟ್ಟ ಪಾಡು ನೋಡಿಯೂ ಸುಮ್ಮನಿದ್ದೆ. ಅನಾನಸಿನ ಗದ್ದೆಯಲ್ಲಿ ಕಲ್ಲು ಹಿಡಿದು ಕೈ ನಿಲ್ಲಿಸುವ ಅಭ್ಯಾಸ ಮಾಡಿದಿರಿ. ಕಣ್ಣು ತೋರಿಸಿಕೊಂಡು ಬಂದಿರಿ, ಡಾಕ್ಟರು ದೋಷವಿಲ್ಲ ಎಂದದ್ದಕ್ಕೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋದಿರಿ. ಮುಂದಿನ ಬೇಸಿಗೆಯಲ್ಲಿ ಪೈಲ್ವಾನ ಸತ್ತಿತು. ನಿಮ್ಮಪ್ಪ ಅದರ ಒಂದು ಒಳ್ಳೆಯ ಫೋಟೋ ಕೇಳಿದರಂತೆ. ಅದಾಗಿ ಕೆಲವು ದಿನಕ್ಕೆ ಕ್ಯಾಮೆರಾವನ್ನು ಅದೇ ಟವೆಲಿನಲ್ಲಿ ಸುತ್ತಿ ತಂದು, "ಯಾರಿಗಾದ್ರೂ ಕೊಟ್ಟುಬಿಡ್ರಿ ಹೆಗಡೇರ. ಈ ವಿದ್ಯಾ ನನ್ನ ಹಣ್ಯಾಗ ಬರೆದಿಲ್ಲ," ಎಂದಿರಿ.

ಅಂದಿನಿಂದ ಅದು ನನ್ನ ಅಂಗಡಿಯ ಗಾಜಿನ ಕಪಾಟಿನಲ್ಲಿದೆ, ಲೆನ್ಸಿನ ಸಮೇತ. ಶಟರು ಎತ್ತಿದರೆ ಮೊದಲು ಕಾಣುವುದು ಅದೇ. ಒಳಗೆ ಇಡೋಣವೆಂದರೆ ಹೆಂಡತಿ ಕಾರಣ ಕೇಳುತ್ತಾಳೆ. ಮಾರೋಣವೆಂದರೆ ಕೈ ಬರುವುದಿಲ್ಲ. ಧೂಳು ಒರೆಸುವಾಗೆಲ್ಲ ಸಿಟ್ಟು ಬರುತ್ತದೆ. ಒಮ್ಮೆ ನನ್ನ ಮೇಲೆ, ಒಮ್ಮೆ ಸ್ಕ್ರೂವಿನ ಮೇಲೆ, ಒಮ್ಮೆ ನಿಮ್ಮ ಮೇಲೆಯೇ. ಒಂದು ಸಲವಾದರೂ ಲೆನ್ಸನ್ನು ಬೈಯಬಾರದಿತ್ತೇ ನೀವು? ಒಂದು ಸಲವಾದರೂ ನನ್ನ ಮೇಲೆ ಅನುಮಾನ ಪಡಬಾರದಿತ್ತೇ? ಇಂಥ ಸಿಟ್ಟಿಗೆ ಏನು ಹೆಸರೋ ಕಾಣೆ. ಆ ತೊಂಬತ್ತರಲ್ಲಿ ನಾನು ತೆಗೆದ ಚಿತ್ರಗಳು ಚೆನ್ನಾಗಿವೆ. ಒಂದನ್ನೂ ನಿಮಗೆ ತೋರಿಸಿಲ್ಲ.

ಕಳೆದ ವಾರ ಸಿದ್ದಾಪುರದ ಕಾಲೇಜಿನ ಮೇಡಂ ಒಬ್ಬರು ಝೆರಾಕ್ಸಿಗೆ ಬಂದವರು ಕಪಾಟಿನ ಮುಂದೆ ನಿಂತರು. ಕ್ಯಾಮೆರಾ ಕೊಡುತ್ತೀರಾ ಎಂದರು. ಕೈಗೆತ್ತಿಕೊಂಡು ಲೆನ್ಸು ತಿರುಗಿಸಿ, ನಮ್ಮ ಭಾಷೆಯಲ್ಲೇ, "ಲೆನ್ಸ್ ಹ್ಯಾಂಗಿದ್ದು?" ಎಂದು ಕೇಳಿದರು.

ಅದೇ ಶಬ್ದ ನಾಲಗೆಯ ತುದಿಗೆ ಬಂದು ಕೂತಿತು ಮಲ್ಲಣ್ಣ. ಇಷ್ಟೆಲ್ಲ ಆದ ಮೇಲೂ. ಅವರು ಕಾಯುತ್ತಿದ್ದರು. ನನಗೆ ನಿಮ್ಮ ಕೈ ಕಂಡಿತು, ಲೆನ್ಸು ತೂಗಿ ನೋಡಿದ ಕೈ.

"ಸರಿ ಇಲ್ಲೆ," ಎಂದೆ. "ಆನೇ ಹಾಳು ಮಾಡಿದ್ದು. ಕ್ಯಾಮೆರಾ ಎನ್ನದಲ್ಲ, ಕೊಡ್ಲೆ ಬತ್ತಿಲ್ಲೆ." ನಾನೇ ಕೆಡಿಸಿದ್ದು, ಕೊಡಲಿಕ್ಕೆ ಬರುವುದಿಲ್ಲ ಎಂದು.

ಅವರಿಗೆ ಏನು ಅನಿಸಿತೋ, ಚಿಲ್ಲರೆ ತೆಗೆದುಕೊಂಡು ಹೋದರು. ಒಳಗಿನಿಂದ ಹೆಂಡತಿ ಬಂದು ನಿಂತಿದ್ದಳು. ಅವಳಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ, "ಇದನ್ನ ಅವರ ಹತ್ರ ಹೇಳ್ಲೆ ಎಂತ ಅಡ್ಡಿ ಇತ್ತು?"

ಭಾನುವಾರ ಬನವಾಸಿಗೆ ಬರುತ್ತೇನೆ. ನಿಮ್ಮ ಕ್ಯಾಮೆರಾ ತರುತ್ತೇನೆ, ಅದಕ್ಕೆ ಆ ತೊಂಬತ್ತನ್ನು ಹಾಕಿ ತರುತ್ತೇನೆ. ಅದು ಮೊದಲಿನಿಂದಲೂ ನಿಮ್ಮದೇ. ಹೊಸ ಹೋರಿ ಕಟ್ಟಿದ್ದೀರೆಂದು ಕೇಳಿದೆ, ಹಗ್ಗ ಈಗಲೂ ನಿಮ್ಮಪ್ಪನ ಕೈಯಲ್ಲೇ ಎಂದೂ ಕೇಳಿದೆ. ಆದರೆ ಪೈಲ್ವಾನ ಬರುವುದಿಲ್ಲ, ಆ ಹೊತ್ತೂ ಬರುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಹೇಳುತ್ತ ಬೆಳೆದವನು ನಾನು, ಒಂದು ಲೆನ್ಸು ಹಿಡಿದು ಬಂದರೆ ಸರಿಹೋದೀತೆಂದು ತಿಳಿದಿಲ್ಲ. ನೀವು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರೂ ಕ್ಯಾಮೆರಾ ಕಟ್ಟೆಯ ಮೇಲಿಟ್ಟು ಹೋಗುತ್ತೇನೆ.

ನಾನು ಬರುವ ಮೊದಲು ಒಂದು ಕೆಲಸ ಮಾಡಿ. ಆ ಹಬ್ಬದ ಫೋಟೋಗಳನ್ನು ನೀವು ಎಸೆದಿರಲಾರಿರಿ. ತೆಗೆದು ನೋಡಿ. ನಿಮ್ಮಪ್ಪನನ್ನಲ್ಲ, ಹಿಂದೆ ಕಟ್ಟೆಯ ಮೇಲೆ ಕೂತವನನ್ನು ನೋಡಿ. ಕೈ ನಡುಗಿದರೆ ಇಡೀ ಚಿತ್ರ ಕದಡುತ್ತದೆ, ಹಿಂದಿನದೂ ಉಳಿಯುವುದಿಲ್ಲ. ಅವನ ಗುಂಡಿಗಳನ್ನು ಎಣಿಸಿ. ನಿಮ್ಮ ಕೈ ನಡುಗಿರಲಿಲ್ಲ, ಮಲ್ಲಣ್ಣ.