ಕಾಕಾ ಬೇಡಿ ಪಡೆದ ಮೌನ

ಶೇಂಗಾ ಹುರಿಯುವ ವಾಸನೆ, ಅದರಲ್ಲೂ ಒಂದೆರಡು ಕಾಳು ಕರಕಾದ ವಾಸನೆ ಮೂಗಿಗೆ ಬಡಿದರೆ ನಾನು ಖರಾಡಿಯ ಈ ಫ್ಲ್ಯಾಟಿನಲ್ಲಿ ಇರುವುದಿಲ್ಲ. ಚಿಂಚವಾಡದ ಕಾರ್ಮಿಕರ ಕಾಲನಿಯ ಎರಡು ಖೋಲಿಯ ಮನೆಯಲ್ಲಿರುತ್ತೇನೆ. ಅಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಮಲಗಿರುತ್ತಿದ್ದ. ಅಪ್ಪನ ಅವ್ವ, ನಮ್ಮ ಆಯಿ, ಒಲೆಯ ಮುಂದೆ ಕೂತು ಕಿರಿಮಗನಿಗಾಗಿ ಚಟ್ನಿಪುಡಿ ಮಾಡುತ್ತಿದ್ದಳು. ಆ ಕಿರಿಮಗನೇ ಅಂತೋನಪ್ಪ ಕಾಕಾ. ಗದಗಿನ ಕಡೆಯಿಂದ ಬಂದ ನಮ್ಮ ಕ್ರೈಸ್ತ ಮನೆತನದಲ್ಲಿ ಅವನಂಥ ಮಾತುಗಾರ ಮತ್ತೊಬ್ಬನಿರಲಿಲ್ಲ. ನಳದ ಹತ್ತಿರ ನಿಂತ ಹೆಂಗಸರನ್ನು ಮರಾಠಿಯಲ್ಲಿ ನಗಿಸಿ, ಒಳಗೆ ಬಂದು ಅದನ್ನೇ ಕನ್ನಡದಲ್ಲಿ ಹೇಳಿ ನಮ್ಮನ್ನು ನಗಿಸುತ್ತಿದ್ದ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು, ಹೊರಗೆ ಹೋದರೆ ಮನೆ ಬಿಕೋ ಎನ್ನಿಸುವಂಥವರು.

ಅವನು ಕ್ರೈಸ್ತ ಸಂನ್ಯಾಸಿಗಳ ಸಂಘವಾದ ಸಭೆಯೊಂದನ್ನು ಸೇರಿದಾಗ ಆಯಿ ಅಳುತ್ತಲೇ ಹೆಮ್ಮೆಪಟ್ಟಳು. ಸಭೆಯವರು ಊರಲ್ಲಿ ಶಾಲೆ ನಡೆಸುತ್ತಿದ್ದರು. ಮಗ ಪಾಠ ಹೇಳುತ್ತಾನೆ, ಹಬ್ಬಕ್ಕೆ ಬಂದು ಹೋಗುತ್ತಾನೆ ಎಂದುಕೊಂಡಿದ್ದಳು. ಆದರೆ ಅದೇ ಸಭೆಯೊಳಗೆ ಏಕಾಂತವಾಸಿಗಳ ಸಣ್ಣ ಗುಂಪೊಂದಿತ್ತು. ಊರಾಚೆ ಗುಡ್ಡದ ಇಳಿಜಾರಿನಲ್ಲಿ ಅವರ ಮಠ. ಒಬ್ಬೊಬ್ಬರಿಗೂ ಒಂದು ಕೋಣೆ, ಅದರ ಹಿಂದೆ ಗೋಡೆ ಕಟ್ಟಿದ ಅಂಗೈಯಗಲದ ಹಿತ್ತಲು, ನಡುವೆ ಪುಟ್ಟ ಪ್ರಾರ್ಥನಾ ಮಂದಿರ. ಮಾಂಸವಿಲ್ಲ, ಭಾನುವಾರ ಮಧ್ಯಾಹ್ನ ಬಿಟ್ಟರೆ ಮಾತೂ ಇಲ್ಲ. ಕಾಕಾ ಹಿರಿಯರನ್ನು ಬೇಡಿಕೊಂಡು ಅಲ್ಲಿಗೆ ಹೋದ. ಬಿಡುವು ಸಿಕ್ಕ ಭಾನುವಾರ ಆಯಿ ಚಟ್ನಿ ಡಬ್ಬಿ ಹಿಡಿದು, ಮೊಮ್ಮಗಳಾದ ನನ್ನನ್ನೂ ಕರೆದುಕೊಂಡು, ಬಸ್ಸು ಬದಲಿಸಿ ಹೋಗುತ್ತಿದ್ದಳು.

"ನಾ ಏನ ತಪ್ಪ ಮಾಡೀನಂತ ಮಾತ ಬಿಟ್ಟೀಪಾ?" ಎಂದು ಒಮ್ಮೆ ಕೇಳಿಯೇಬಿಟ್ಟಳು.

"ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ಇಲ್ಲೆ ನನಗ ಭಾಳ ಛಲೋ ಅದ," ಎಂದ ಕಾಕಾ. ಮುಖ ನೋಡಿದರೆ ಸುಳ್ಳೆನ್ನುವಂತಿರಲಿಲ್ಲ. ಆಯಿಗೆ ಸಂಕಟವಾದದ್ದೇ ಅದಕ್ಕೆ. ಮಗ ದುಃಖದಲ್ಲಿದ್ದಿದ್ದರೆ ಕೈ ಹಿಡಿದು ಮನೆಗೆ ಎಳೆದುಕೊಂಡು ಬರಬಹುದಿತ್ತು.

ಆಯಿ ಹೋದಳು, ಅಪ್ಪ ಹೋದ, ಕಾಲನಿಯನ್ನು ಕೆಡವಿದರು. ಗುಡ್ಡದ ಸುತ್ತ ಎತ್ತರದ ಕಟ್ಟಡಗಳೆದ್ದವು. ಏಕಾಂತಕ್ಕೆ ಹೊಸಬರು ಬರಲಿಲ್ಲ. ಹಳಬರು ಒಬ್ಬೊಬ್ಬರಾಗಿ ಮಣ್ಣು ಸೇರಿದರು. ಕೊನೆಗೆ ಉಳಿದವನು ಕಾಕಾ. ಅವನ ಕಾಲು ಸೋತ ಮೇಲೆ ಸಭೆಯವರು ಮಠಕ್ಕೆ ಬೀಗ ಹಾಕಿ, ಅವನನ್ನು ವಯಸ್ಸಾದ ಸಂನ್ಯಾಸಿಗಳ ಆಶ್ರಮಕ್ಕೆ ಕರೆತಂದರು.

ಹೋದ ತಿಂಗಳು ನೋಡಲು ಹೋದೆ. ಉದ್ದನೆಯ ಕೋಣೆಯಲ್ಲಿ ಸಾಲು ಮಂಚಗಳು. ಕಿವಿ ಮಂದವಾದವರಿಗಾಗಿ ಟೀವಿಯನ್ನು ಜೋರಾಗಿ ಹಚ್ಚಿದ್ದರು. ಮರಾಠಿ ಧಾರಾವಾಹಿಯ ಅತ್ತೆಯೊಬ್ಬಳು ಸೊಸೆಯನ್ನು ಬೈಯುತ್ತಿದ್ದಳು. ಕಾಕಾ ಗೋಡೆಗೆ ಮುಖ ಮಾಡಿ ಕೂತಿದ್ದ.

ಅಲ್ಲಿ ಆರೈಕೆ ಮಾಡುವ ಬ್ರದರ್ ಬೆಳಗಾವಿಯವರು. "ಇವರಿಗೆ ಒಂದ ಬ್ಯಾರೆ ಖೋಲಿ ಸಿಗೂದಿಲ್ಲೇನ್ರಿ?" ಎಂದೆ.

"ಒಬ್ರ ಇದ್ದಾಗ ಬಿದ್ರ ಯಾರ ನೋಡಬೇಕ್ರಿ? ಇಷ್ಟ ಮಂದಿಗೆ ನಾವ ಇಬ್ಬರ ಇದ್ದೀವಿ," ಎಂದರು ಅವರು. ಮುಖದಲ್ಲಿ ನಿದ್ದೆಗೆಟ್ಟ ದಣಿವಿತ್ತು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

"ಹಂಗಾರ ನಮ್ಮ ಮನಿಗೆ ಬಾ ಕಾಕಾ."

ಕಾಕಾ ನಕ್ಕ. "ಸಭೆಯವರು ಇರು ಅಂದಲ್ಲೆ ಇರತೀನಂತ ವಚನ ಕೊಟ್ಟೀನವ್ವಾ."

"ಗುಡ್ಡ ನೆನಪಾಗ್ತದೇನು?"

"ಭಾಳ," ಎಂದ.

ಏನು ತೋಚಿತೋ, ಅವನ ಹಿಂದೆ ನಿಂತು ಎರಡೂ ಕಿವಿಗಳನ್ನು ನನ್ನ ಅಂಗೈಗಳಿಂದ ಮುಚ್ಚಿದೆ. ಕಾಕಾ ಬೇಡ ಎನ್ನಲಿಲ್ಲ, ಕಣ್ಣು ಮುಚ್ಚಿದ. ಬಿಗಿದಿದ್ದ ಹೆಗಲು ನಿಧಾನವಾಗಿ ಇಳಿಯಿತು. ತೋಳು ಸೋಲುವವರೆಗೆ ಹಾಗೆಯೇ ನಿಂತಿದ್ದೆ. ಆಮೇಲೆ ಕೈ ತೆಗೆಯಲೇಬೇಕಾಯಿತು.