ಅವ್ವನ ಸಂಚಿ ತಂದ ಟ್ಯಾಕ್ಸಿ

ದೆವ್ವ, ಶಕುನ, ಸತ್ತವರು ಬಂದು ಮಾತಾಡುವುದು, ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್‌ಗಳು ಪ್ರತಿಯೊಂದಕ್ಕೂ ರೀಸನ್ ಕೇಳುತ್ತಿದ್ದರು. ಹಾಸ್ಟೆಲಿನ ಬಾತ್‌ರೂಮಿನಲ್ಲಿ ಬಿಳಿ ಸೀರೆ ಕಂಡಿತು ಅಂತ ಯಾರಾದರೂ ಓಡಿ ಬಂದರೆ ಕೈಗೆ ಟಾರ್ಚು ಕೊಟ್ಟು ಮತ್ತೆ ಅಲ್ಲಿಗೇ ಕಳಿಸುತ್ತಿದ್ದರು. ಆಮೇಲೆಯೂ ಇಂಥ ಕಥೆಗಳನ್ನು ಯಾರು ಹೇಳಿದರೂ ನಾನು ನಯವಾಗಿ ನಕ್ಕು ಮಾತು ಬದಲಿಸುತ್ತಿದ್ದೆ. ಈಗ ನನ್ನದನ್ನು ಓದಿ ನೀವು ಹಾಗೆಯೇ ನಕ್ಕರೆ ನನಗೆ ಬೇಜಾರಿಲ್ಲ. ಇಂಥವು ರಾತ್ರಿ ಹೊತ್ತು ನಡೆಯುತ್ತವೆ ಅಂತಾರೆ. ನನಗಾದದ್ದು ಮಟಮಟ ಮಧ್ಯಾಹ್ನ, ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ.

ತೊಂಬತ್ತರ ದಶಕದ ನಡುವಿನ ಮಾತು. ನಾನೂ ನನ್ನ ಯಜಮಾನರೂ ಆಗ ಮಸ್ಕತ್‌ನಲ್ಲಿದ್ದೆವು. ಅವರು ಒಂದು ಕಂಪನಿಯ ಲೆಕ್ಕಪತ್ರ ನೋಡುತ್ತಿದ್ದರು, ನಾನು ಟೀಚರ್. ಪರದೇಶದಲ್ಲಿ ಹೆಂಗಸು ಒಬ್ಬಳೇ ಟ್ಯಾಕ್ಸಿ ಹತ್ತುವುದಕ್ಕೆ ಒಂದು ಡಿಸಿಪ್ಲಿನ್ ಬೇಕು. ಅಲ್ಲಿ ಲೈಸೆನ್ಸ್ ಇದ್ದ ಟ್ಯಾಕ್ಸಿಗಳಿಗೆ ಕಿತ್ತಳೆ ಮತ್ತು ಬಿಳಿ ಬಣ್ಣ. ಆ ಬಣ್ಣವಿಲ್ಲದ ಕಾರು ಎಷ್ಟೇ ಚಂದವಿರಲಿ, ಡ್ರೈವರು ಎಷ್ಟೇ ಮರ್ಯಾದೆಯಿಂದ ಮಾತಾಡಲಿ, ಹತ್ತಕೂಡದು. ಬಾಡಿಗೆ ಮೊದಲೇ ಮಾತಾಡಿಕೊಳ್ಳಬೇಕು, ಹಿಂದಿನ ಸೀಟಿನಲ್ಲೇ ಕೂರಬೇಕು, ಬಾಗಿಲಿನ ಒಳಗಿನ ಹಿಡಿ ಕೆಲಸ ಮಾಡುತ್ತದೆಯೇ ನೋಡಿಕೊಳ್ಳಬೇಕು. 'ನಿಮ್ಮ ಮನೆಯವರೇ ಕಳಿಸಿದ್ದಾರೆ' ಅನ್ನುವವನನ್ನಂತೂ ಖಂಡಿತ ನಂಬಬಾರದು. ರಜೆ ಕಳೆಯಲು ಬಂದ ನೆಂಟರಿಗೆ, ಹೊಸ ಟೀಚರುಗಳಿಗೆ ಇದನ್ನೆಲ್ಲ ಬಾಯಿಪಾಠ ಮಾಡಿಸುತ್ತಿದ್ದವಳು ನಾನೇ.

ನನಗೆ ರಜೆ ಬಂದಾಗ ನಾನು ಬರುತ್ತಿದ್ದದ್ದು ಚಾಮರಾಜನಗರಕ್ಕೆ. ಹುಟ್ಟಿದ ಊರೇ ಆದರೂ ವರ್ಷಕ್ಕೊಮ್ಮೆ ಸೂಟ್‌ಕೇಸ್ ಹಿಡಿದು ಬಂದಿಳಿಯುವವಳಿಗೆ ಅದೂ ಒಂದು ಪರದೇಶವೇ ಆಗಿತ್ತು. ಅಲ್ಲಿ ನನ್ನ ತಮ್ಮ ಶಿವಣ್ಣನಿಗೆ ಅರಿಸಿನದ ವ್ಯಾಪಾರ. ಅವ್ವ ಅವನ ಜೊತೆಗಿದ್ದಳು. ನಾನು ವಿಮಾನ ಇಳಿಯುತ್ತಿದ್ದದ್ದು ಕ್ಯಾಲಿಕಟ್‌ನಲ್ಲಿ. ಜೊತೆಯ ಮಲಯಾಳಿ ಟೀಚರ್ ಮನೆ ಸುಲ್ತಾನ್ ಬತ್ತೇರಿಯಲ್ಲಿತ್ತು. ಅಲ್ಲಿಯವರೆಗೆ ಅವರ ಕಾರು, ಅಲ್ಲಿಂದ ಗುಂಡ್ಲುಪೇಟೆಗೆ ಬಸ್ಸು, ಆಮೇಲೆ ತೆರಕಣಾಂಬಿ ಮೇಲೆ ಊರಿಗೆ ಟ್ಯಾಕ್ಸಿ. ಒಂದು ವರ್ಷ ಈ ಕೊನೆಯ ತುಂಡು ದಾರಿಯಲ್ಲಿ ಯಾವನೋ ಪ್ರೈವೇಟ್ ಕಾರಿನವನು ನನ್ನನ್ನು ಹತ್ತಿಸಿಕೊಂಡು, ಮಧ್ಯೆ ಕುಡಿದ ಗೆಳೆಯರಿಬ್ಬರನ್ನೂ ತುಂಬಿಕೊಂಡ. ಏನೂ ಆಗಲಿಲ್ಲ. ಆದರೆ ಊರು ಸೇರುವವರೆಗೆ ನನ್ನ ಕೈ ಬಾಗಿಲಿನ ಹಿಡಿಯ ಮೇಲೇ ಇತ್ತು.

ಅವತ್ತು ಮನೆಗೆ ಬಂದು, ಇನ್ನು ಮೇಲೆ ಇಲ್ಲಿಯೂ ಲೈಸೆನ್ಸ್ ನೋಡದೆ ಹತ್ತುವುದಿಲ್ಲ ಅಂತ ದೊಡ್ಡ ಲೆಕ್ಚರ್ ಕೊಟ್ಟೆ. ಅವ್ವ ಎಲೆಗೆ ಸುಣ್ಣ ಸವರುತ್ತ ಕೇಳಿಸಿಕೊಂಡಳು.

"ನಿಮ್ ಸಿಸ್ಟ್ರುಗಳು ಚಮಚ ಇಡಿಯದು ಕಲುಸುದ್ರು, ಗಾಡಿ ಅತ್ತದು ಕಲುಸ್ನಿಲ್ವಲ್ಲ" ಅಂದಳು. ಆಮೇಲೆ ಸೊಂಟದಿಂದ ತನ್ನ ಎಲೆ ಅಡಿಕೆ ಸಂಚಿ ತೆಗೆದು ನನ್ನ ಮುಂದೆ ಹಿಡಿದಳು. "ಲೈಸನ್ಸ್ ಕಾಗ್ಜನ ಯಾವನ್ ಬೇಕಾದ್ರೂ ಮಾಡುಸ್ಕತಾನೆ. ನನ್ ಸಂಚಿ ಮಾಡುಸ್ಕಳಕಾದದಾ? ಇದ್ನ ಕೊಟ್ ಕಳುಸ್ತೀನಿ. ಇದ್ನ ನೋಡ್ದೆ ಯಾವ್ ಗಾಡಿನೂ ಅತ್ಬ್ಯಾಡ ಕಣಮ್ಮಿ."

ಹಸಿರು ಬಟ್ಟೆಯ ಹಳೇ ಸಂಚಿ ಅದು. ಅದರ ಒಂದು ಮೂಲೆ ಹರಿದಾಗ ನಾನು ಹುಡುಗಿ. ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ಹೊಸದಾಗಿ ಕಲಿತ ಚೈನ್ ಸ್ಟಿಚ್ ಹಾಕಿ ಕೆಂಪು ದಾರದಲ್ಲಿ ಹೊಲಿದುಕೊಟ್ಟಿದ್ದೆ. ಸೊಟ್ಟ ಹೊಲಿಗೆ. ಅದನ್ನು ಬಿಚ್ಚಿ ಸರಿಮಾಡಲು ಅವ್ವ ಯಾರಿಗೂ ಬಿಟ್ಟಿರಲಿಲ್ಲ. ಮುಂದಿನ ವರ್ಷಗಳಲ್ಲಿ ಶಿವಣ್ಣ ಗೊತ್ತುಮಾಡಿದ ಟ್ಯಾಕ್ಸಿಯವನ ಕೈಗೆ ಆ ಸಂಚಿ ಕೊಟ್ಟು, ನಾನು ಬರುವವರೆಗೆ ಎಲೆಯಿಲ್ಲದೆ ಗೋಡೆಗೊರಗಿ ಕೂತಿರುತ್ತಿದ್ದಳು. ನಾನು ಒಳಗೆ ಕಾಲಿಟ್ಟರೆ ಮೊದಲು ಸಂಚಿಗೆ ಕೈ ಚಾಚುತ್ತಿದ್ದಳು, ಆಮೇಲೆ ನನಗೆ. ನಾವೆಲ್ಲ ನಗುತ್ತಿದ್ದೆವು.

ನಾನು ಹೇಳುತ್ತಿರುವ ಆ ವರ್ಷ ಗುಂಡ್ಲುಪೇಟೆಯಲ್ಲಿ ಬಸ್ಸಿಳಿದಾಗ ಸಂಚಿ ಹಿಡಿದು ನಿಂತವರು ಯಾರೂ ಇರಲಿಲ್ಲ. ಬಿಸಿಲು ವಿಪರೀತ. ಎರಡು ದಿನದಿಂದ ನಿದ್ದೆಯಿಲ್ಲ. ಸೂಟ್‌ಕೇಸಿನ ಮೇಲೆ ಕೂತು ಕಾಯುತ್ತಿದ್ದಾಗ ಒಂದು ಜೀಪು ಬಂದು ನಿಂತಿತು. ಹಿಂದೆ ಮೂಟೆಗಳು, ಅವುಗಳ ಮೇಲೆಯೇ ಒಂದಷ್ಟು ಜನ. ಬಾಡಿಗೆಗೆ ಓಡಿಸುವ ಪರ್ಮಿಟ್ ಇಲ್ಲದ ಗಾಡಿ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಡ್ರೈವರು ನೇರ ನನ್ನ ಹತ್ತಿರ ಬಂದು, ತಾನು ತೆರಕಣಾಂಬಿಯ ನಂಜಪ್ಪ ಅಂದ.

"ಅವ್ವಾರ್ಗೆ ಉಸಾರಿಲ್ಲ ಕಣಮ್ಮ. ನಿಮ್ ತಮ್ಮಾರೇ ಯೋಳ್ ಕಳ್ಸವ್ರೆ, ಬಿರ್ರನೆ ಕರ್ಕಬಾ ಅಂತ. ಬನ್ನಿ, ಕುಂತ್ಕಳಿ."

ಸಂಚಿ ಎಲ್ಲಿ ಅಂತ ಕೇಳಿದೆ. ಅವನಿಗೆ ಅರ್ಥವೇ ಆಗಲಿಲ್ಲ. ಯಾವ ಸಂಚಿಯನ್ನೂ ಕೊಟ್ಟಿಲ್ಲ ಅಂದ. ಮನೆಯಲ್ಲಿ ಕಾಯಿಲೆ, ಬೇಗ ಬನ್ನಿ ಅನ್ನುವುದು ಮೋಸಗಾರರು ಎಲ್ಲ ದೇಶದಲ್ಲೂ ಹೇಳುವ ಮೊದಲನೇ ಮಾತು. ನಾನು ಆಗುವುದಿಲ್ಲ ಅಂದೆ. ಆದರೂ ಜೀವ ತಡೆಯದೆ ಎದುರಿನ ಎಸ್‌ಟಿಡಿ ಬೂತಿನಿಂದ ಶಿವಣ್ಣನ ಅಂಗಡಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮನೆಯಲ್ಲಿ ಫೋನಿರಲಿಲ್ಲ. ನಂಜಪ್ಪ ಅಷ್ಟೂ ಹೊತ್ತು ಬೂತಿನ ಹೊರಗೆ ನಿಂತಿದ್ದ. ಮೂಟೆ ಮೇಲಿನ ಜನ ರೇಗತೊಡಗಿದರು.

"ನಾನೇನ್ ನಿಮ್ಮ ಎತ್ಕಂಡೋಗ್ಬುಡ್ತೀನಾ? ಆಯ್ತು ಬುಡಿ, ನಿಂತ್ಕಳಿ" ಅಂದು ಹೊರಟುಹೋದ.

ಮತ್ತೆ ಎಷ್ಟು ಹೊತ್ತು ಕೂತಿದ್ದೆನೋ. ಶಾಲೆ ಮಕ್ಕಳನ್ನು ಊಟಕ್ಕೆ ಬಿಟ್ಟಿದ್ದರು. ರಸ್ತೆ ತುಂಬ ಗದ್ದಲ. ಆ ಮಕ್ಕಳ ನಡುವಿನಿಂದ ನಿಧಾನವಾಗಿ ಒಂದು ಅಂಬಾಸಿಡರ್ ಬಂದು ನನ್ನ ಮುಂದೆ ನಿಂತಿತು. ಕಪ್ಪು ಮೈ, ಹಳದಿ ತಲೆ. ಆಗೆಲ್ಲ ಬಾಡಿಗೆ ಕಾರುಗಳ ನಂಬರು ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿರುತ್ತಿತ್ತು. ಅದು ಸರಿಯಾಗಿತ್ತು. ಖಾಕಿ ಅಂಗಿ, ಜೇಬಿನ ಮೇಲೆ ಡ್ರೈವರ್ ಬ್ಯಾಡ್ಜ್, ಅವೂ ಸರಿಯಾಗಿದ್ದವು. ಡ್ರೈವರು ಕಿಟಕಿಯಿಂದ ಕೈ ಚಾಚಿ ಸಂಚಿ ಕೊಟ್ಟ.

ನಾನು ಅಭ್ಯಾಸಬಲದಿಂದ ತಿರುಗಿಸಿ ನೋಡಿದೆ. ನನ್ನದೇ ಕೆಂಪು ದಾರ, ನನ್ನದೇ ಸೊಟ್ಟ ಹೊಲಿಗೆ. ಒಳಗೆ ಒದ್ದೆ ಎಲೆ, ಸುಣ್ಣದ ಡಬ್ಬಿ, ಅವ್ವ ಹಾಕಿಕೊಳ್ಳುತ್ತಿದ್ದ ಲವಂಗದ ವಾಸನೆ. ಸೊಂಟದಿಂದ ಈಗಷ್ಟೇ ತೆಗೆದಂತೆ ಸಂಚಿ ಬೆಚ್ಚಗಿತ್ತು. ಬಿಸಿಲಿಗೆ ಅಂದುಕೊಂಡೆ.

ಹಿಂದಿನ ಸೀಟಿನಲ್ಲಿ ಕೂತು, ಅವ್ವ ಹೇಗಿದ್ದಾಳೆ ಅಂತ ಕೇಳಿದ್ದು ನೆನಪಿದೆ. ಅವನು ಹಿಂದೆ ತಿರುಗದೆ ಹೇಳಿದ, "ನಿದ್ದೆಗೆಟ್ಟಿದ್ದಯ್. ಮನಿಕ್ಕೊ ಕಣಮ್ಮಿ, ಊರ್ ಬಂದಾಗ ಎಬ್ಬುರುಸ್ತೀನಿ."

ಐವತ್ತು ದಾಟಿದ, ಗುರುತಿಲ್ಲದ ಹೆಂಗಸಿಗೆ ಯಾವ ಡ್ರೈವರೂ ಮಗಳಿಗೆ ಅಂದಂತೆ 'ಕಣಮ್ಮಿ' ಅನ್ನುವುದಿಲ್ಲ. ಅದು ಆಗ ಹೊಳೆಯಲಿಲ್ಲ. ಅಥವಾ ಅವನು ಅಂದದ್ದು 'ಮಲಗಿ ಅಮ್ಮಾ' ಅಂತಲೇ ಇದ್ದು, ನನ್ನ ಅರೆನಿದ್ದೆಗೆ ಹಾಗೆ ಕೇಳಿಸಿತೋ. ಅವನ ಮುಖ ಎಷ್ಟು ನೆನೆದರೂ ಬರುವುದಿಲ್ಲ. ಸಂಚಿ ಮಡಿಲಲ್ಲಿತ್ತು. ಮಸ್ಕತ್ ಬಿಟ್ಟ ಮೇಲೆ ಮೊದಲ ಸಲ ಮೈಯೆಲ್ಲ ಸಡಿಲವಾಯಿತು. ನಿದ್ದೆ ಬಂತು.

ಎಚ್ಚರವಾದಾಗ ಕಾರು ನಮ್ಮ ಬೀದಿಯ ತುದಿಯಲ್ಲಿ ನಿಂತಿತ್ತು. ಮನೆ ಮುಂದೆ ಜನ. ಇಳಿದು ಹೆಚ್ಚುಕಡಿಮೆ ಓಡಿದೆ. ಬಾಗಿಲಿನಿಂದಲೇ ಅವ್ವ ಕಂಡಳು. ಎಂದಿನಂತೆ ಗೋಡೆಗೊರಗಿ ಕೂತಿದ್ದಳು. ನನಗೆ ಎಂಥ ಖುಷಿಯಾಯಿತು ಅಂದರೆ, ಜೀಪಿನವನು ಸುಳ್ಳು ಹೇಳಿದ ಅಂತ ನಕ್ಕೇಬಿಟ್ಟೆ. "ಬಂದೆ ಕಣವ್ವ" ಅಂದೆ.

ಜನ ಸರಿದು ದಾರಿ ಬಿಟ್ಟರು. ಆಗ ಹಣೆಯ ತುಂಬ ಹಚ್ಚಿದ್ದ ವಿಭೂತಿ ಕಂಡಿತು, ಹೂವಿನ ಹಾರ ಕಂಡಿತು, ತಲೆ ವಾಲದಿರಲೆಂದು ಕಟ್ಟಿದ್ದ ಬಟ್ಟೆ ಕಂಡಿತು. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಹೀಗೆ ಕೂರಿಸುತ್ತಾರೆ. ಅದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಆ ಕ್ಷಣದಲ್ಲಿ ಮಾತ್ರ ಗೊತ್ತಿರಲಿಲ್ಲ.

ಹಿಂದಿನ ಸಂಜೆ ಅವ್ವನಿಗೆ ಸ್ಟ್ರೋಕ್ ಆಗಿತ್ತಂತೆ. ಆಮೇಲೆ ಮಾತಿಲ್ಲ, ಪ್ರಜ್ಞೆಯಿಲ್ಲ. ಶಿವಣ್ಣ ಆ ಗಾಬರಿಯಲ್ಲಿ ತನ್ನ ಅರಿಸಿನದ ಮೂಟೆ ಸಾಗಿಸುವ ನಂಜಪ್ಪನಿಗೆ, ಗುಂಡ್ಲುಪೇಟೆಯಲ್ಲಿ ಅಕ್ಕ ಇಳೀತಾಳೆ, ಕರೆದುಕೊಂಡು ಬಾ ಅಂತ ಹೇಳಿ ಕಳಿಸಿದ್ದ. ಸಂಚಿಯ ನೆನಪು ಯಾರಿಗೂ ಬಂದಿರಲಿಲ್ಲ. ಹಾಗಾದರೆ ಟ್ಯಾಕ್ಸಿಯಲ್ಲಿ ಸಂಚಿ ಕಳಿಸಿದ್ದು ಯಾರು ಅಂತ ನಾನು ಕೇಳಿದೆ. ತಮ್ಮನ ಹೆಂಡತಿ ಗಿರಿಜ ನನ್ನ ಮುಖವನ್ನೇ ನೋಡಿದಳು. ಒಳಗೆ ಹೋಗಿ ಸಂಚಿ ತಂದು ತೋರಿಸಿದಳು. ಅದೇ ಹಸಿರು, ಅದೇ ಕೆಂಪು ದಾರ. ಸ್ನಾನ ಮಾಡಿಸುವಾಗ ಅವ್ವನ ಸೊಂಟದಿಂದ ತಾನೇ ಬಿಚ್ಚಿದ್ದು ಅಂದಳು.

"ನಿನ್ನೆಯಿಂದ ಕೈಕಾಲು ಆಡ್ನಿಲ್ಲ ಕಣಕ್ಕ. ಇವತ್ತು ಸ್ಕೂಲ್ ಐಕ್ಳ ಊಟಕ್ ಬುಟ್ರಲ್ಲ, ಆಗ ಬಲಗೈಲಿ ಸಂಚಿ ತಡಕುದ್ರು. ಬಿಚ್ಚಕ್ ನೋಡುದ್ರು. ಎಲೆ ಬೇಕೇನೋ ಅನ್ಕಂಡು ನಾನು ಬಾಯ್ಗೆ ನೀರ್ ಬುಟ್ಟೆ. ಅಷ್ಟೇಯ."

ನನ್ನ ಕೈ ನೋಡಿಕೊಂಡೆ. ಹ್ಯಾಂಡ್‌ಬ್ಯಾಗ್ ಇತ್ತು, ಸಂಚಿ ಇರಲಿಲ್ಲ. ಬೀದಿಗೆ ಬಂದು ನೋಡಿದರೆ ಕಾರಿರಲಿಲ್ಲ. ಸೂಟ್‌ಕೇಸ್ ಮಾತ್ರ ಜಗಲಿಯ ಮೇಲಿತ್ತು. ಯಾರು ತಂದಿಟ್ಟರು ಅಂದರೆ, ಆ ಸಾವಿನ ಮನೆಯ ಗದ್ದಲದಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಸಂಜೆ ನಂಜಪ್ಪ ಬಂದು ಅವ್ವನ ಕಾಲು ಮುಟ್ಟಿ, ಜೀವ ಇದ್ದಂಗೇ ಕರ್ಕಬಂದು ಮುಖ ತೋರ್ಸಕಾಗ್ನಿಲ್ಲ ಅಂತ ಅತ್ತ. ನಾನು ಅವನ ಕೈ ಹಿಡಿದುಕೊಂಡು ಕೂತೆ.

ಸಂಚಿಯನ್ನು ಅವ್ವನ ಜೊತೆಗೇ ಮಣ್ಣಿಗೆ ಕೊಟ್ಟೆವು.

ತಿಥಿಯ ಕಾರ್ಯಗಳೆಲ್ಲ ಮುಗಿದ ಮೇಲೆ ಶಿವಣ್ಣನನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೋಗಿ ಬಸ್‌ಸ್ಟ್ಯಾಂಡ್ ಪಕ್ಕದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ವಿಚಾರಿಸಿದೆ. ಅಲ್ಲಿದ್ದದ್ದೇ ಕೆಲವು ಕಾರುಗಳು, ಒಬ್ಬರದು ಇನ್ನೊಬ್ಬರಿಗೆ ಗೊತ್ತು. ಆ ದಿನ ಚಾಮರಾಜನಗರಕ್ಕೆ ಯಾರೂ ಹೋಗಿರಲಿಲ್ಲ. ಹೊರಗಿನ ಟ್ಯಾಕ್ಸಿ ಬಂದು ನಮ್ಮ ಸ್ಟ್ಯಾಂಡ್ ಮುಂದೆ ಗಿರಾಕಿ ಎತ್ತಿದ್ದರೆ ಜಗಳವೇ ಆಗುತ್ತಿತ್ತು, ನೆನಪಿರುತ್ತಿತ್ತು ಅಂದರು. ಮಸ್ಕತ್‌ಗೆ ವಾಪಸಾದ ಮೇಲೆ ಯಜಮಾನರು ತಮ್ಮದೇ ಒಂದು ಲಾಜಿಕ್ ಹೇಳಿದರು. ಬಿಸಿಲು, ನಿದ್ದೆಗೇಡು, ಆಮೇಲೆ ಆ ಶಾಕ್. ಯಾವುದೋ ಬಸ್ಸಿನಲ್ಲೋ ಕಾರಿನಲ್ಲೋ ಬಂದಿದ್ದೀಯ, ಉಳಿದದ್ದನ್ನು ಮನಸ್ಸು ಆಮೇಲೆ ಸೇರಿಸಿಕೊಂಡಿದೆ ಅಂದರು. ಇರಬಹುದು. ಆದರೆ ಸಂಚಿ ನೋಡದೆ ನಾನು ಯಾವ ಗಾಡಿಯನ್ನೂ ಹತ್ತುವವಳಾಗಿರಲಿಲ್ಲ. ಕತ್ತಲಾದರೂ ಅಲ್ಲೇ ಕೂತಿರುತ್ತಿದ್ದೆ. ಇದು ನನಗೆ ಗೊತ್ತು. ಅವ್ವನಿಗೂ ಗೊತ್ತಿತ್ತು.

ಈಗ ಯಜಮಾನರೂ ಇಲ್ಲ. ನಾನು ಊರಿಗೇ ಬಂದು ನೆಲೆಸಿ ಎಷ್ಟೋ ವರ್ಷಗಳಾದವು. ಅವ್ವನೇ ಬಂದು ನಿನ್ನ ಕರ್ಕಬಂದ್ರು ಕಣಕ್ಕ ಅಂತ ಗಿರಿಜ ಇವತ್ತಿಗೂ ಹೇಳುತ್ತಾಳೆ, ನನಗೆ ಸಮಾಧಾನವಾಗಲಿ ಅಂತ. ನಾನು ತಲೆಯಾಡಿಸುತ್ತೇನೆ. ನಿಜವಾಗಿ ಏನು ನಡೆಯಿತೋ ನನಗೆ ಗೊತ್ತಿಲ್ಲ. ಯಜಮಾನರು ಹೇಳಿದ್ದೇ ಸರಿಯಾಗಿರಲಿ, ಎಲ್ಲ ಬರೀ ಆಯಾಸದ ಭ್ರಮೆಯಾಗಿರಲಿ ಅಂತ ಎಷ್ಟೋ ಸಲ ಪ್ರೇಯರ್ ಮಾಡಿದ್ದೇನೆ. ಏಕೆಂದರೆ ಗಿರಿಜ ಹೇಳುವುದೇ ನಿಜವಾದರೆ, ಆ ದಾರಿಯುದ್ದಕ್ಕೂ ಅವ್ವ ನನ್ನಿಂದ ಕೈಯಳತೆಯಲ್ಲಿ ಇದ್ದಳು. ಒಂದು ವರ್ಷದ ಮಾತು ಬಾಕಿಯಿತ್ತು. ನಾನು ತೆರಕಣಾಂಬಿ ಬರುವ ಮೊದಲೇ ನಿದ್ದೆ ಹೋಗಿದ್ದೆ.