ಬಜಗೋಳಿಯಲ್ಲಿ ನರಿಯ ಮುಖ

ಬಜಗೋಳಿ ಪೇಟೆ ದಾಟಿದ ಮೇಲೆ ಒಂದು ಸಣ್ಣ ಹೋಟೆಲು. ಜನವರಿಯ ಬೆಳಗು, ಮಂಜಿಗೆ ದಾರಿಯೇ ಕಾಣದಿದ್ದುದರಿಂದ ಚಹಾಕ್ಕೆಂದು ಕಾರು ನಿಲ್ಲಿಸಿದೆವು. ಹೋಟೆಲಿನ ಯಜಮಾನರ ಕಣ್ಣಲ್ಲಿ ನಿದ್ದೆಯಿತ್ತು. ಹಣೆಯ ಮೇಲೆ ಲೈಟಿನ ಪಟ್ಟಿ ಬಿಗಿದ ಗುರುತು ಇನ್ನೂ ಮಾಸಿರಲಿಲ್ಲ.

"ರಾತ್ರಿ ಶಿಕಾರಿಗೆ ಹೋಗಿದ್ದೆವು," ಎಂದು ಅವರೇ ಹೇಳಿದರು.

"ಹಂದಿಗಾ?"

"ಅಲ್ಲ, ನರಿಗೆ."

ನರಿಯನ್ನು ಯಾರು ತಿನ್ನುತ್ತಾರೆ? ನಾನು ಕೇಳುವ ಮೊದಲೇ ಅವರು ಹಾಲು ತೆಗೆಯಲು ಫ್ರೀಜರಿನ ಮುಚ್ಚಳ ಎತ್ತಿ, "ಬನ್ನಿ, ನೀವೂ ಒಮ್ಮೆ ನೋಡಿ. ಒಳ್ಳೆಯದಾಗುತ್ತದೆ," ಎಂದು ಕರೆದರು.

ಹಾಲಿನ ಪ್ಯಾಕೆಟ್‌ಗಳ ನಡುವೆ, ಪ್ಲಾಸ್ಟಿಕ್ ಚೀಲದೊಳಗೆ, ನರಿಯ ತಲೆ. ಕಣ್ಣು ತೆರೆದೇ ಇತ್ತು. ಗಾಬರಿಯಿಂದ ಹಿಂದೆ ಸರಿದ ನನ್ನ ಬೆನ್ನಿಗೆ ಮೇಜು ಬಡಿಯಿತು.

"ಎದ್ದ ಕೂಡಲೇ ನರಿ ಮುಖ ನೋಡಿದರೆ ಅದೃಷ್ಟ ಅಲ್ವಾ? ಇನ್ನು ಗುಡ್ಡೆಯಲ್ಲಿ ಹುಡುಕುವ ಕೆಲಸ ಇಲ್ಲ. ಮುಚ್ಚಳ ತೆಗೆದರಾಯಿತು."

ಯಾರಿಗಾದರೂ ಅದೃಷ್ಟ ಹೊಡೆದಾಗ, "ನರಿ ಮುಖ ನೋಡಿ ಎದ್ದಿದ್ದೀಯಾ?" ಎಂದು ನಾನೂ ಎಷ್ಟೋ ಸಲ ತಮಾಷೆ ಮಾಡಿದ್ದೇನೆ. ಆ ಮಾತಿಗಾಗಿ ಯಾರಾದರೂ ಮುಖವನ್ನೇ ಕಡಿದು ತಂದು ಇಟ್ಟುಕೊಂಡಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಯಜಮಾನರು ಹಾಲು ಕುದಿಯಲಿಟ್ಟು ಮುಂದುವರಿಸಿದರು. "ಅದು ಓಡಲೇ ಇಲ್ಲ ಮಾರಾಯ್ರೆ. ಲೈಟ್ ಬಿಟ್ಟ ಕೂಡಲೇ ನನ್ನ ಮುಖವನ್ನೇ ನೋಡುತ್ತಾ ನಿಂತುಬಿಟ್ಟಿತು."

ಪಕ್ಕದಲ್ಲಿ ದೋಸೆ ಹೊಯ್ಯುತ್ತಿದ್ದ ಅವರ ಹೆಂಡತಿ ಕಾವಲಿಯಿಂದ ಕಣ್ಣೆತ್ತದೆ ಹೇಳಿದರು:

"ಆ ಮುಖ ನೋಡಿದ್ದಕ್ಕೇ ಅಲ್ವಾ ಅದಕ್ಕೆ ಹೀಗಾದದ್ದು."